ಜೂರಿ ವಿಚಾರಣೆಯ ಹಕ್ಕನ್ನು ಬಿಟ್ಟುಕೊಡುವುದು

ಅಪರಾಧದ ಆರೋಪ ಹೊತ್ತ ವ್ಯಕ್ತಿ, ತನ್ನ ತಪ್ಪು ಒಪ್ಪುಗಳನ್ನು ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಕೂತು ನಿರ್ಣಯಿಸುವುದು ಬೇಡ, ನ್ಯಾಯಾಧೀಶರೊಬ್ಬರೇ ಸಾಕ್ಷ್ಯ ಕೇಳಿ ತೀರ್ಪು ಕೊಡಲಿ ಎಂದು ತಾನಾಗಿಯೇ ಒಪ್ಪಿಕೊಳ್ಳುವುದುಂಟು. ಇದಕ್ಕೆ ಜೂರಿ ಹಕ್ಕನ್ನು ಬಿಟ್ಟುಕೊಡುವುದು ಎನ್ನುತ್ತಾರೆ. ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾದ ಕೆಲವು ರಾಜ್ಯಗಳ ನ್ಯಾಯಾಲಯಗಳಲ್ಲಿ ಇದು ಬಳಕೆಯಲ್ಲಿರುವ ಕ್ರಮ. ಭಾರತದಲ್ಲಿ ಇಂದು ಜೂರಿಯೇ ಇಲ್ಲ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯಲ್ಲಿ ಬದುವಿನ ಜಗಳವೊಂದು ಕೊಲೆಯಲ್ಲಿ ಮುಗಿದರೆ, ಪೊಲೀಸರು ಹಾಕಿದ ಚಾರ್ಜ್‌ಶೀಟು ಮ್ಯಾಜಿಸ್ಟ್ರೇಟರಿಂದ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಸಾಕ್ಷಿಗಳ ಮಾತನ್ನು ತೂಗುವವರು, ಕಾನೂನನ್ನು ಅನ್ವಯಿಸುವವರು, ಶಿಕ್ಷೆಯನ್ನು ಗೊತ್ತುಮಾಡುವವರು ಎಲ್ಲರೂ ಒಬ್ಬರೇ ನ್ಯಾಯಾಧೀಶರು. ಆರೋಪಿಯ ಇಷ್ಟವನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ನಮ್ಮ ಆರೋಪಿಯ ಕೈಯಲ್ಲಿ ಬಿಟ್ಟುಕೊಡುವಂಥದ್ದು ಏನೂ ಇಲ್ಲ ಎನ್ನುವಂತಿಲ್ಲ. ಅಮೆರಿಕದವನು ಜೂರಿಯನ್ನು ಬಿಟ್ಟರೂ ವಿಚಾರಣೆಯನ್ನು ಉಳಿಸಿಕೊಳ್ಳುತ್ತಾನೆ. ನಮ್ಮವನು ಬಿಟ್ಟುಕೊಟ್ಟರೆ ಇಡೀ ವಿಚಾರಣೆಯನ್ನೇ ಬಿಟ್ಟುಕೊಡುತ್ತಾನೆ. ಈ ಎರಡರ ನಡುವಿನ ಅಂತರ ತಿಳಿಯಬೇಕಾದರೆ ಜೂರಿ ಈ ನೆಲಕ್ಕೆ ಬಂದು ಹೋದ ಕಥೆಯನ್ನು ಮೊದಲು ನೋಡಬೇಕು.

ಆ ಕಥೆ ಮದ್ರಾಸಿನಲ್ಲಿ ತೊಡಗುತ್ತದೆ. 1665ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇಂಟ್ ಜಾರ್ಜ್ ಕೋಟೆಯಲ್ಲಿ ಅಸೆಂಷಿಯಾ ಡಾಸ್ ಎಂಬ ಹೆಂಗಸನ್ನು ಗುಲಾಮ ಹುಡುಗಿಯೊಬ್ಬಳನ್ನು ಕೊಂದ ಆರೋಪದ ಮೇಲೆ ಜೂರಿಯ ಮುಂದೆ ನಿಲ್ಲಿಸಿದರು. ಜೂರಿ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಉತ್ತರ ಕೊಟ್ಟು ಆಕೆ ಬಿಡುಗಡೆಯಾದಳು. 1775ರಲ್ಲಿ ಕಲ್ಕತ್ತಾದ ಸುಪ್ರೀಂ ಕೋರ್ಟಿನಲ್ಲಿ ಮಹಾರಾಜ ನಂದಕುಮಾರನ ಮೇಲಿನ ಫೋರ್ಜರಿ ಆರೋಪವನ್ನು ಕೇಳಿದ್ದು ಬಿಳಿಯರೇ ತುಂಬಿದ್ದ ಜೂರಿ. ಆತನನ್ನು ಅದೇ ವರ್ಷದ ಆಗಸ್ಟ್ 5ರಂದು ಗಲ್ಲಿಗೇರಿಸಿದರು. ತನ್ನ ಸಮಾನಸ್ಕಂಧರಿಂದ ನ್ಯಾಯ ಪಡೆಯುವ ಹಕ್ಕು ಎಂದು ಇಂಗ್ಲೆಂಡಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ವ್ಯವಸ್ಥೆ ಇಲ್ಲಿಗೆ ಬಂದಾಗ ಆರೋಪಿಯ ಸಮಾನರು ಯಾರೆಂಬ ಪ್ರಶ್ನೆಯನ್ನು ಕೇಳಲೇ ಇಲ್ಲ.

1861ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಪ್ರೆಸಿಡೆನ್ಸಿ ಪಟ್ಟಣಗಳ ಆಚೆಗೂ ಜೂರಿ ಕಾಲಿಟ್ಟಿತು. ಆದರೆ ಯಾವ ಜಿಲ್ಲೆಯಲ್ಲಿ, ಯಾವ ಅಪರಾಧಕ್ಕೆ ಜೂರಿ ಎಂಬುದನ್ನು ಸರ್ಕಾರವೇ ಅಧಿಸೂಚನೆಯಿಂದ ತೀರ್ಮಾನಿಸುತ್ತಿತ್ತು. ಅಧಿಸೂಚನೆ ಇಲ್ಲದ ಕಡೆ ನ್ಯಾಯಾಧೀಶರ ಪಕ್ಕದಲ್ಲಿ ಅಸೆಸರುಗಳೆಂಬ ಸ್ಥಳೀಯರು ಕೂರುತ್ತಿದ್ದರು. ಅವರ ಅಭಿಪ್ರಾಯವನ್ನು ಕೇಳಿಸಿಕೊಳ್ಳಬೇಕಿತ್ತು, ಪಾಲಿಸಬೇಕೆಂದಿರಲಿಲ್ಲ. ಹೀಗಾಗಿ ಭಾರತೀಯ ಆರೋಪಿಯ ಪಾಲಿಗೆ ಜೂರಿ ಎಂಬುದು ಕೇಳಿ ಪಡೆಯುವ ಹಕ್ಕೂ ಅಲ್ಲ, ಬೇಡವೆನ್ನುವ ಹಕ್ಕೂ ಅಲ್ಲ. ಇದ್ದ ಕಡೆ ಇತ್ತು, ಇಲ್ಲದ ಕಡೆ ಇಲ್ಲ.

ಬೇಡವೆನ್ನಲು ಕಾರಣವಿದ್ದವರು ಇದ್ದರು. ಬಾಲಗಂಗಾಧರ ತಿಲಕರನ್ನು 1897ರಲ್ಲಿ ರಾಜದ್ರೋಹಕ್ಕಾಗಿ ಬಾಂಬೆ ಹೈಕೋರ್ಟಿನಲ್ಲಿ ವಿಚಾರಣೆಗೆ ಒಳಪಡಿಸಿದಾಗ ಒಂಬತ್ತು ಮಂದಿಯ ಜೂರಿಯಲ್ಲಿ ಆರು ಜನ ಯುರೋಪಿಯನ್ನರು, ಮೂವರು ಭಾರತೀಯರು. ತೀರ್ಪು ಆರಕ್ಕೆ ಮೂರು. 1908ರಲ್ಲಿ ಮತ್ತೆ ಅದೇ ಆರೋಪ. ಸರ್ಕಾರ ವಿಶೇಷ ಜೂರಿಯನ್ನು ಕೇಳಿತು. ತಿಲಕರ ಕಡೆಯವರು ಆಕ್ಷೇಪಿಸಿದರೂ ನಡೆಯಲಿಲ್ಲ. ಈ ಸಲ ಏಳು ಯುರೋಪಿಯನ್ನರು, ಇಬ್ಬರು ಭಾರತೀಯರು. ತೀರ್ಪು ಏಳಕ್ಕೆ ಎರಡು. ನ್ಯಾಯಮೂರ್ತಿ ದಿನ್‌ಶಾ ದಾವರ್ ಆರು ವರ್ಷಗಳ ಶಿಕ್ಷೆ ವಿಧಿಸಿ ಮಂಡಾಲೆಗೆ ಕಳಿಸಿದರು. ಹೈಕೋರ್ಟಿನ ಮೂಲ ವಿಚಾರಣೆ ಜೂರಿಯ ಮುಂದೆಯೇ ನಡೆಯಬೇಕೆಂದು ಸಂಹಿತೆ ಹೇಳುತ್ತಿದ್ದ ಕಾರಣ, ಈ ಜೂರಿ ನನಗೆ ಬೇಡ ಎಂದು ಹೇಳಲು ತಿಲಕರಿಗೆ ದಾರಿಯೇ ಇರಲಿಲ್ಲ.

ದಾರಿ ಇದ್ದದ್ದು ಬೇರೆಯವರಿಗೆ. ಹಾಸನ ಸೀಮೆಗೆ ಈ ಕಥೆ ಹತ್ತಿರವಾಗುವುದು ಇಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮಂಜರಾಬಾದಿನ, ಎಂದರೆ ಇಂದಿನ ಸಕಲೇಶಪುರ ಸೀಮೆಯ, ಕಾಡುಗಳಲ್ಲಿ ಯುರೋಪಿಯನ್ನರು ಕಾಫಿ ತೋಟ ಮಾಡತೊಡಗಿದರು. ಮೈಸೂರಿನ ಕಾಫಿ ಬೇಸಾಯದ ಬಗ್ಗೆ 1894ರಲ್ಲಿ ಪುಸ್ತಕ ಬರೆದ ರಾಬರ್ಟ್ ಎಲಿಯಟ್ ಅವರಲ್ಲಿ ಹೆಸರಾದವನು. 1881ರ ಮಾರ್ಚ್ 25ರಂದು ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಡಳಿತ ಮುಗಿದು ಮೈಸೂರು ಸಂಸ್ಥಾನ ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿತಲ್ಲ, ಆ ಹಸ್ತಾಂತರದ ಪತ್ರದಲ್ಲಿ ಒಂದು ಷರತ್ತು ಸೇರಿಕೊಂಡಿತ್ತು. ಸಂಸ್ಥಾನದೊಳಗಿರುವ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಪೂರ್ಣ ನ್ಯಾಯಾಧಿಕಾರ ಗವರ್ನರ್ ಜನರಲ್ ಬಳಿಯೇ ಉಳಿಯುತ್ತದೆ. ಮಹಾರಾಜರು ಚಲಾಯಿಸಬಹುದಾದದ್ದು ಅಲ್ಲಿಂದ ವಹಿಸಿಕೊಟ್ಟಷ್ಟು ಅಧಿಕಾರವನ್ನು ಮಾತ್ರ. ಹೀಗೆ ಒಂದೇ ತೋಟದಲ್ಲಿ ಕೂಲಿಯಾಳು ತಪ್ಪು ಮಾಡಿದರೆ ಮಹಾರಾಜರ ನ್ಯಾಯಾಲಯ, ದೊರೆ ತಪ್ಪು ಮಾಡಿದರೆ ಬೇರೆ ಲೆಕ್ಕ. ರಾಜ್ಯ ಹಿಂದಿರುಗಿಸಿಕೊಂಡ ಸಂಭ್ರಮದ ನಡುವೆ ಈ ಷರತ್ತಿನ ಮಾತು ಹೆಚ್ಚು ಕೇಳಿಬರುವುದಿಲ್ಲ. ಆದರೆ ಸಾರ್ವಭೌಮತ್ವದ ನಿಜವಾದ ಅಳತೆ ಸಿಗುವುದು ಇಂಥ ಕಡೆಯೇ.

ಎರಡು ವರ್ಷ ಕಳೆಯುವಷ್ಟರಲ್ಲಿ ಇದೇ ಪ್ರಶ್ನೆ ಬ್ರಿಟಿಷ್ ಇಂಡಿಯಾವನ್ನು ಅಲುಗಾಡಿಸಿತು. 1883ರಲ್ಲಿ ವೈಸರಾಯ್ ರಿಪನ್ ಕಾಲದಲ್ಲಿ ಕಾನೂನು ಸದಸ್ಯ ಇಲ್ಬರ್ಟ್ ತಂದ ಮಸೂದೆ, ಜಿಲ್ಲೆಗಳಲ್ಲಿನ ಹಿರಿಯ ಭಾರತೀಯ ನ್ಯಾಯಾಧಿಕಾರಿಗಳು ಯುರೋಪಿಯನ್ನರನ್ನೂ ವಿಚಾರಿಸಬಹುದು ಎಂದಿತು. ತೋಟಗಾರರೂ ವ್ಯಾಪಾರಿಗಳೂ ಬೊಬ್ಬೆಯೆಬ್ಬಿಸಿದರು. 1884ರ ಜನವರಿಯಲ್ಲಿ ರಾಜಿಯ ರೂಪದಲ್ಲಿ ಕಾಯ್ದೆಯಾದಾಗ, ಯುರೋಪಿಯನ್ ಆರೋಪಿಗೆ ಜೂರಿ ಕೇಳುವ ಹಕ್ಕು ದೊರೆಯಿತು. ಅದರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಯುರೋಪಿಯನ್ನರೋ ಅಮೆರಿಕನ್ನರೋ ಆಗಿರಬೇಕಿತ್ತು. ಸಣ್ಣ ಪ್ರಕರಣದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗಲೂ ಈ ಹಕ್ಕು ಅವನಿಗಿತ್ತು. ಅದೇ ಕಟಕಟೆಯಲ್ಲಿ ನಿಂತ ಭಾರತೀಯನಿಗೆ ಇರಲಿಲ್ಲ.

ಈ ವಿಶೇಷ ಹಕ್ಕಿಗೆ ಅಂಟಿಕೊಂಡೇ ಹಕ್ಕು ಬಿಟ್ಟುಕೊಡುವ ನಿಯಮವೂ ಇತ್ತು. 1898ರ ಸಂಹಿತೆಯ 454ನೆಯ ಕಲಮಿನ ಪ್ರಕಾರ, ಆರೋಪಿ ಮ್ಯಾಜಿಸ್ಟ್ರೇಟರ ಮುಂದೆ ತಾನು ಯುರೋಪಿಯನ್ ಬ್ರಿಟಿಷ್ ಪ್ರಜೆ, ತನ್ನನ್ನು ಹಾಗೆಯೇ ನಡೆಸಿಕೊಳ್ಳಬೇಕು ಎಂದು ಕೇಳದಿದ್ದರೆ ಆ ಹಕ್ಕನ್ನು ತೊರೆದಂತೆಯೇ ಲೆಕ್ಕ. ಆ ಮೊಕದ್ದಮೆಯ ಮುಂದಿನ ಯಾವ ಹಂತದಲ್ಲೂ ಅದನ್ನು ಮತ್ತೆ ಎತ್ತುವಂತಿಲ್ಲ. ಆರೋಪಿಯೊಬ್ಬ ಜೂರಿಯ ಹಕ್ಕನ್ನು ಬಿಟ್ಟುಕೊಡುವುದಕ್ಕೆ ಈ ದೇಶದ ಕಾನೂನಿನಲ್ಲಿ ಸಿಗುವ ಹತ್ತಿರದ ಉದಾಹರಣೆ ಇದು. ಸುಮ್ಮನಿದ್ದರೆ ಸಾಕು, ಬಿಟ್ಟುಕೊಟ್ಟಂತೆ! ಆದರೆ ಹಾಗೆ ಸುಮ್ಮನಿರುವ ಆಯ್ಕೆಯೂ ಒಂದು ಜನಾಂಗದ ಸೊತ್ತಾಗಿತ್ತು. 1923ರ ತಿದ್ದುಪಡಿ ಈ ತಾರತಮ್ಯವನ್ನು ಬಹುಮಟ್ಟಿಗೆ ತಗ್ಗಿಸಿತು. ಉಳಿದುಕೊಂಡದ್ದನ್ನು ಸ್ವತಂತ್ರ ಭಾರತ 1949ರ ಕಾಯ್ದೆಯಿಂದ ಕಿತ್ತುಹಾಕಿತು.

ಅಸೆಸರುಗಳು 1955ರ ತಿದ್ದುಪಡಿಯೊಂದಿಗೆ ಹೋದರು. ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ 1958ರ ತನ್ನ 14ನೆಯ ವರದಿಯಲ್ಲಿ ಜೂರಿಯನ್ನೂ ಕೈಬಿಡಬೇಕೆಂದು ಹೇಳಿತು. ಮರುವರ್ಷವೇ ನಾನಾವತಿ ಪ್ರಕರಣ. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ 1959ರ ಏಪ್ರಿಲ್ 27ರಂದು ಪತ್ನಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ಆರೋಪದಲ್ಲಿ ಬಾಂಬೆಯ ಸೆಷನ್ಸ್ ನ್ಯಾಯಾಲಯದಲ್ಲಿ ನಿಂತಾಗ, ಆರ್.ಕೆ. ಕರಂಜಿಯಾರ 'ಬ್ಲಿಟ್ಜ್' ವಾರಪತ್ರಿಕೆ ಬಹಿರಂಗವಾಗಿ ಅವನ ಪರ ನಿಂತಿತ್ತು. ಜೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದಿತು. ನ್ಯಾಯಾಧೀಶರು ಆ ತೀರ್ಮಾನವನ್ನು ಒಪ್ಪದೆ ಸಂಹಿತೆಯ 307ನೆಯ ಕಲಮಿನಡಿ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಕೊಲೆಯ ಅಪರಾಧಿ ಎಂದಿತು; 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಭಾರತದ ಕೊನೆಯ ಜೂರಿ ವಿಚಾರಣೆ ಇದೇ ಎಂದು ಸಿನಿಮಾದವರೂ ಪತ್ರಿಕೆಯವರೂ ಹೇಳುತ್ತ ಬಂದಿದ್ದಾರೆ. ಅದು ತಪ್ಪು. ಇದರ ನಂತರವೂ ಕೆಲವು ಕಡೆ ಜೂರಿ ಉಳಿದಿತ್ತು. ಪೂರ್ತಿಯಾಗಿ ಬಾಗಿಲು ಹಾಕಿದ್ದು 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆ. ಪಾರ್ಸಿಗಳ ವಿವಾಹ ವಿಚ್ಛೇದನದ ನ್ಯಾಯಾಲಯದಲ್ಲಿ ಸಮುದಾಯದ ಪ್ರತಿನಿಧಿಗಳು ಕೂರುವ ಪದ್ಧತಿಯಲ್ಲಿ ಮಾತ್ರ ಅದರ ನೆರಳು ಉಳಿದಿದೆ.

ಜೂರಿ ಇರುವ ದೇಶಗಳಲ್ಲಿ ಅದನ್ನು ಬೇಡವೆನ್ನಲು ಆರೋಪಿಗೆ ಕಾರಣಗಳು ಬಹಳ. ಮೊದಲನೆಯದು ಪ್ರಚಾರ. ಊರೆಲ್ಲ ಆಗಲೇ ಅಪರಾಧಿ ಎಂದು ಮಾತಾಡಿಕೊಂಡಿದ್ದರೆ, ಆ ಊರಿನಿಂದಲೇ ಹನ್ನೆರಡು ತೆರೆದ ಮನಸ್ಸುಗಳನ್ನು ಹುಡುಕುವುದು ಎಲ್ಲಿಂದ? ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1990ರ ದಶಕದ ಕ್ಲೇರ್‌ಮಾಂಟ್ ಸರಣಿ ಕೊಲೆಗಳ ವಿಚಾರಣೆ 2019ರ ಕೊನೆಗೆ ಶುರುವಾದಾಗ ಜೂರಿ ಇರಲಿಲ್ಲ. ನ್ಯಾಯಮೂರ್ತಿ ಸ್ಟೀಫನ್ ಹಾಲ್ ಒಬ್ಬರೇ ಕೇಳಿದರು. 2020ರ ಸೆಪ್ಟೆಂಬರಿನಲ್ಲಿ ಅವರು, ಆರೋಪಿ ಎರಡು ಕೊಲೆಗಳಲ್ಲಿ ಅಪರಾಧಿ, ಮೂರನೆಯದರಲ್ಲಿ ಅಲ್ಲ ಎಂದು 600ಕ್ಕೂ ಹೆಚ್ಚು ಪುಟಗಳ ತೀರ್ಪು ಕೊಟ್ಟರು. ಜೂರಿ ಕಾರಣ ಹೇಳುವುದಿಲ್ಲ, ಒಂದೆರಡು ಪದದಲ್ಲಿ ಮುಗಿಸುತ್ತದೆ. ನ್ಯಾಯಾಧೀಶರು ಬರೆದ ಕಾರಣಗಳಾದರೆ ಮೇಲ್ಮನವಿಯಲ್ಲಿ ಹಿಡಿದು ಪ್ರಶ್ನಿಸಲು ಸಿಗುತ್ತವೆ. ಲೆಕ್ಕಪತ್ರದ ವಂಚನೆ, ತಾಂತ್ರಿಕ ಸಾಕ್ಷ್ಯ, ಕಾನೂನಿನ ಸೂಕ್ಷ್ಮ ಅಂಶದ ಮೇಲೆ ನಿಂತ ಮೊಕದ್ದಮೆಗಳಲ್ಲೂ ವಕೀಲರು ನ್ಯಾಯಾಧೀಶರನ್ನೇ ಬಯಸುತ್ತಾರೆ.

ಎದುರು ವಾದವೂ ಬಲವಾದದ್ದು. ಅಮೆರಿಕದಲ್ಲಿ ಶಿಕ್ಷೆಯಾಗಬೇಕಾದರೆ ಜೂರಿಯ ಎಲ್ಲರೂ ಒಪ್ಪಬೇಕು. ಒಬ್ಬ ಜೂರರ್ ಒಪ್ಪದಿದ್ದರೂ ಅಭಿಯೋಜಕನ ಕೆಲಸ ಕೆಟ್ಟಿತು. 1966ರಲ್ಲಿ ಪ್ರಕಟವಾದ ಕ್ಯಾಲ್ವನ್ ಮತ್ತು ಝೈಸೆಲ್ ಅವರ ಹೆಸರಾಂತ ಅಧ್ಯಯನ 3,576 ಜೂರಿ ವಿಚಾರಣೆಗಳನ್ನು ನೋಡಿತು. ಮುಕ್ಕಾಲು ಪಾಲಿಗಿಂತ ಹೆಚ್ಚಿನವುಗಳಲ್ಲಿ ನ್ಯಾಯಾಧೀಶರೂ ಜೂರಿಯೂ ಒಂದೇ ತೀರ್ಮಾನಕ್ಕೆ ಬಂದಿದ್ದರು. ಭಿನ್ನವಾದ ಕಡೆ ಹೆಚ್ಚಾಗಿ ಜೂರಿಯೇ ಆರೋಪಿಯ ಬಗ್ಗೆ ಮೃದುವಾಗಿತ್ತು.

ಬಿಟ್ಟುಕೊಡಬಹುದೇ ಎಂಬ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು ಸ್ಪಷ್ಟ ಉತ್ತರ ಕೊಟ್ಟದ್ದು 1930ರ ಪ್ಯಾಟನ್ ಪ್ರಕರಣದಲ್ಲಿ. ಮದ್ಯನಿಷೇಧದ ಕಾಲದಲ್ಲಿ ಅಧಿಕಾರಿಗೆ ಲಂಚ ಕೊಡಹೋದ ಆರೋಪ. ವಿಚಾರಣೆ ನಡುವೆ ಒಬ್ಬ ಜೂರರ್ ಕಾಯಿಲೆ ಬಿದ್ದ. ಉಳಿದ ಹನ್ನೊಂದು ಜನರೇ ಸಾಕೆಂದು ಎರಡೂ ಕಡೆಯವರು ಒಪ್ಪಿದರು. ಶಿಕ್ಷೆಯಾದ ಮೇಲೆ ಆರೋಪಿಗಳು, ಹನ್ನೆರಡು ಜನರಿಲ್ಲದ ಜೂರಿ ಜೂರಿಯೇ ಅಲ್ಲ ಎಂದು ತಕರಾರು ತೆಗೆದರು. ಜೂರಿ ಇರುವುದು ಆರೋಪಿಯ ರಕ್ಷಣೆಗೆ, ರಕ್ಷಣೆ ಬೇಡವೆನ್ನಲು ಅವನಿಗೆ ಅಧಿಕಾರವಿದೆ ಎಂಬುದು ನ್ಯಾಯಾಲಯದ ನಿಲುವು. ಆದರೆ ಆ ಬೇಡಿಕೆ ತಿಳಿವಳಿಕೆಯಿಂದ, ಸ್ವ ಇಚ್ಛೆಯಿಂದ ಬಂದಿರಬೇಕು. ಫೆಡರಲ್ ನ್ಯಾಯಾಲಯಗಳಲ್ಲಿ ಇಂದು ಆರೋಪಿ ಲಿಖಿತವಾಗಿ ಕೊಡಬೇಕು, ಸರ್ಕಾರ ಒಪ್ಪಬೇಕು, ನ್ಯಾಯಾಧೀಶರು ಅನುಮತಿಸಬೇಕು. ಸಮಯ ಉಳಿಯಲಿ ಎಂದು ಜೂರಿ ಬಿಡಲು ಹೊರಟ ಆರೋಪಿಗೆ ಸರ್ಕಾರ ಅಡ್ಡ ನಿಂತಾಗ, ಜೂರಿ ಇಲ್ಲದೆ ವಿಚಾರಣೆ ಪಡೆಯುವ ಸಾಂವಿಧಾನಿಕ ಹಕ್ಕು ಎಂಬುದೊಂದಿಲ್ಲ ಎಂದು 1965ರ ಸಿಂಗರ್ ಪ್ರಕರಣದಲ್ಲಿ ತೀರ್ಮಾನವಾಯಿತು. ಕನ್ನಡ ಕುಟುಂಬಗಳು ಬಹಳವಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲೂ ರಾಜ್ಯ ಸಂವಿಧಾನ ಎರಡೂ ಪಕ್ಷಗಳ ಒಪ್ಪಿಗೆ ಬಯಸುತ್ತದೆ. ಆರೋಪಿ ತೆರೆದ ನ್ಯಾಯಾಲಯದಲ್ಲಿ ಸ್ವತಃ ಬಾಯಿಬಿಟ್ಟು ಹೇಳಬೇಕು, ವಕೀಲ ಹೇಳಿದರೆ ಸಾಲದು.

ಒತ್ತಾಯದಿಂದ ಬಿಡಿಸಿಕೊಂಡರೆ? ಅಮೆರಿಕದ ಫೆಡರಲ್ ಅಪಹರಣ ಕಾಯ್ದೆಯಲ್ಲಿ ಮರಣದಂಡನೆ ವಿಧಿಸುವ ಅಧಿಕಾರ ಜೂರಿಗೆ ಮಾತ್ರ ಇತ್ತು. ಜೂರಿ ಬೇಡವೆಂದವನ ತಲೆ ಉಳಿಯಿತು, ಬೇಕೆಂದವನಿಗೆ ನೇಣಿನ ಭಯ. ಹಕ್ಕು ಚಲಾಯಿಸಿದವನನ್ನು ದಂಡಿಸುವ ಈ ಏರ್ಪಾಡನ್ನು 1968ರ ಜಾಕ್ಸನ್ ಪ್ರಕರಣದಲ್ಲಿ ರದ್ದುಮಾಡಿದರು.

ಉಳಿದ ದೇಶಗಳ ನಿಲುವು ಒಂದೊಂದು ಥರ. ಕೆನಡಾದಲ್ಲಿ ಗಂಭೀರ ಅಪರಾಧಗಳಲ್ಲಿ ಹೆಚ್ಚಿನವಕ್ಕೆ ಆಯ್ಕೆ ಆರೋಪಿಯದೇ. ಕೊಲೆಗೆ ಅಟಾರ್ನಿ ಜನರಲ್ ಒಪ್ಪಿಗೆಯೂ ಬೇಕು. ಆಸ್ಟ್ರೇಲಿಯಾದ ಫೆಡರಲ್ ಅಪರಾಧಗಳಲ್ಲಿ ದೋಷಾರೋಪಣ ಪತ್ರದ ಮೇಲಿನ ವಿಚಾರಣೆಗೆ ಜೂರಿಯನ್ನು ಬಿಡುವಂತೆಯೇ ಇಲ್ಲ ಎಂದು ಹೈಕೋರ್ಟು 1986ರ ಬ್ರೌನ್ ಪ್ರಕರಣದಲ್ಲೂ 2016ರಲ್ಲೂ ಹೇಳಿದೆ. ಜೂರಿಯ ತವರಾದ ಇಂಗ್ಲೆಂಡಿನ ಕ್ರೌನ್ ಕೋರ್ಟಿನಲ್ಲೂ ಆರೋಪಿಗೆ ಹೀಗೆ ಬಿಟ್ಟುಕೊಡುವ ಅವಕಾಶ ಇರಲಿಲ್ಲ. ಬಾಕಿ ಮೊಕದ್ದಮೆಗಳ ರಾಶಿಯನ್ನು ಕರಗಿಸಲು ಆ ಆಯ್ಕೆಯನ್ನು ಕೊಡಬೇಕೆಂದು ಸರ್ ಬ್ರಯನ್ ಲೆವೆಸನ್ ಸಮಿತಿ 2025ರ ಜುಲೈಯಲ್ಲಿ ಶಿಫಾರಸು ಮಾಡಿತು.

ಇನ್ನು ನಮ್ಮ ಕಡೆಗೆ. ಮೂಲಭೂತ ಹಕ್ಕನ್ನು ನಾಗರಿಕ ತಾನಾಗಿಯೇ ಬಿಟ್ಟುಕೊಟ್ಟರೂ ಅದು ಹೋಗುವುದಿಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟು 1958ರ ಬಶೇಶರ್ ನಾಥ್ ಪ್ರಕರಣದಲ್ಲೇ ಆಡಿತ್ತು. ಹಾಗಿದ್ದೂ ಪ್ರತಿದಿನ ತಾಲ್ಲೂಕು ಕೋರ್ಟುಗಳಲ್ಲಿ ಜನ ತಮ್ಮ ವಿಚಾರಣೆಯನ್ನು ಬಿಟ್ಟುಕೊಡುತ್ತಿರುತ್ತಾರೆ. ದೋಷಾರೋಪ ಓದಿ ಹೇಳಿದಾಗ ತಪ್ಪು ಒಪ್ಪಿಕೊಂಡರೆ ಸಾಕ್ಷಿ ಇಲ್ಲ, ಪಾಟಿ ಸವಾಲಿಲ್ಲ. ಜೂಜಿನ ಕೇಸು, ವಾಹನದ ಕೇಸು, ಕುಡಿದು ಗಲಾಟೆ ಮಾಡಿದ ಕೇಸುಗಳಲ್ಲಿ 'ಒಪ್ಕೊಂಡು ಫೈನ್ ಕಟ್ಬಿಡು, ಮುಗಿದುಹೋಗುತ್ತೆ' ಎಂಬ ಸಲಹೆ ಅರಕಲಗೂಡಿನಲ್ಲೂ ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಒಂದೇ. ವಾಯಿದೆಯಿಂದ ವಾಯಿದೆಗೆ ಕೂಲಿ ಬಿಟ್ಟು, ಬಸ್ಸು ಹತ್ತಿ ಬರುವವನಿಗೆ ಆ ಸಲಹೆ ಹಿತವಾಗಿಯೇ ಕೇಳಿಸುತ್ತದೆ.

ಅದರ ಅಪಾಯ ಏನೆಂಬುದಕ್ಕೆ ಕರ್ನಾಟಕದಿಂದಲೇ ಹೋದ ತಿಪ್ಪಸ್ವಾಮಿ ಪ್ರಕರಣ ಸಾಕ್ಷಿ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ. ಹಗುರವಾಗಿ ಬಿಡುತ್ತಾರೆಂಬ ಭರವಸೆಯ ಮೇಲೆ ಆರೋಪಿ ತಪ್ಪು ಒಪ್ಪಿಕೊಂಡ. ಕೆಳ ನ್ಯಾಯಾಲಯ ದಂಡ ಹಾಕಿತು. ಸರ್ಕಾರದ ಕಡೆಯಿಂದ ಮೇಲ್ಮನವಿ ಹೋಗಿ ಹೈಕೋರ್ಟು ಜೈಲು ಶಿಕ್ಷೆ ಸೇರಿಸಿತು. ಆತ ಆಗಲೇ ತನ್ನ ಸಮರ್ಥನೆಯ ಅವಕಾಶವನ್ನು ಕೈಯಾರೆ ಕಳೆದುಕೊಂಡಿದ್ದ. 1983ರ ವರದಿಗಳಲ್ಲಿರುವ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಭರವಸೆ ಕೊಟ್ಟು ತಪ್ಪೊಪ್ಪಿಸಿ ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧ ಎಂದು ಹೇಳಿ ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು, ಆತ ಬಯಸಿದರೆ ವಿಚಾರಣೆ ಎದುರಿಸಲಿ ಎಂದು. ಬಿಟ್ಟುಕೊಟ್ಟ ವಿಚಾರಣೆಯನ್ನು ಮರಳಿ ಕೈಗೆ ಕೊಡಿಸಿದ ತೀರ್ಪು ಎಂಬ ಕಾರಣಕ್ಕೆ ಇದು ಇನ್ನೂ ಹೆಚ್ಚು ಜನರಿಗೆ ಪರಿಚಯವಿರಬೇಕಿತ್ತು.

ಇಂಥ ಚೌಕಾಸಿಯನ್ನು ನ್ಯಾಯಾಲಯಗಳು ದಶಕಗಳ ಕಾಲ ಬಿಡದೆ ಖಂಡಿಸಿದವು. ಕಾನೂನು ಆಯೋಗ ಮಾತ್ರ 1991ರ ತನ್ನ 142ನೆಯ ವರದಿಯಿಂದಲೂ ನಿಯಮಬದ್ಧವಾಗಿ ತರಬೇಕೆಂದು ಹೇಳುತ್ತ ಬಂತು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕನ್ನಡಿಗ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಅದಕ್ಕೆ ಬೆಂಬಲ ಕೊಟ್ಟಿತು. 2006ರ ಜುಲೈ 5ರಿಂದ 'ಪ್ಲೀ ಬಾರ್ಗೇನಿಂಗ್' ಎಂಬ ಹೆಸರಿನಲ್ಲಿ ಈ ಚೌಕಾಸಿ ಕಾನೂನಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 289ರಿಂದ 300ರವರೆಗಿನ ಕಲಮುಗಳು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಇದು ಸಲ್ಲುತ್ತದೆ. ಹೆಂಗಸರ, ಮಕ್ಕಳ ಮೇಲಿನ ಅಪರಾಧಗಳಿಗೆ ಇಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ, ವರದಕ್ಷಿಣೆಯಂಥ ಕಾಯ್ದೆಗಳ ಅಪರಾಧಗಳಿಗೂ ಇಲ್ಲ. ದೋಷಾರೋಪ ಹೊರಿಸಿದ 30 ದಿನಗಳೊಳಗೆ ಆರೋಪಿ ಅರ್ಜಿ ಹಾಕಬೇಕು. ನ್ಯಾಯಾಧೀಶರು ಅವನನ್ನು ಒಂಟಿಯಾಗಿ, ಎದುರು ಪಕ್ಷದವರಿಲ್ಲದೆ ಕರೆಸಿ, ಯಾರದಾದರೂ ಒತ್ತಾಯವಿದೆಯೇ ಎಂದು ವಿಚಾರಿಸಬೇಕು. ಅಮೆರಿಕದ ನ್ಯಾಯಾಧೀಶರು ಜೂರಿ ಬಿಡುವವನನ್ನು ತೆರೆದ ಕೋರ್ಟಿನಲ್ಲಿ ಕೇಳುವ ಪ್ರಶ್ನೆಗಳ ಸ್ಥಾನದಲ್ಲಿ ನಮ್ಮಲ್ಲಿರುವುದು ಈ ಖಾಸಗಿ ಮಾತುಕತೆ. ಆಮೇಲೆ ಅಭಿಯೋಜಕ, ತನಿಖಾಧಿಕಾರಿ, ನೊಂದವರು, ಆರೋಪಿ ಕೂತು 60 ದಿನಗಳಲ್ಲಿ ಒಪ್ಪಂದಕ್ಕೆ ಬರಬೇಕು. ಕನಿಷ್ಠ ಶಿಕ್ಷೆ ಗೊತ್ತುಮಾಡದ ಅಪರಾಧವಾದರೆ ನಾಲ್ಕನೆಯ ಒಂದು ಪಾಲು, ಮೊದಲ ಸಲದ ಅಪರಾಧಿಗೆ ಆರನೆಯ ಒಂದು ಪಾಲು ಶಿಕ್ಷೆ ಕೊಡಬಹುದು. ಈ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿ ಇಲ್ಲ.

ಅಮೆರಿಕದಲ್ಲಿ ಫೆಡರಲ್ ಶಿಕ್ಷೆಗಳ ಶೇಕಡಾ 97, ರಾಜ್ಯಗಳ ಶಿಕ್ಷೆಗಳ ಶೇಕಡಾ 94 ತಪ್ಪೊಪ್ಪಿಗೆಯಿಂದಲೇ ಆಗುತ್ತವೆ ಎಂದು ಅಲ್ಲಿನ ಸುಪ್ರೀಂ ಕೋರ್ಟೇ 2012ರಲ್ಲಿ ದಾಖಲಿಸಿತು. ಭಾರತದಲ್ಲಿ ಪ್ಲೀ ಬಾರ್ಗೇನಿಂಗ್‌ನಿಂದ ಮುಗಿಯುವ ಪ್ರಕರಣಗಳು ಶೇಕಡಾ ಒಂದಕ್ಕೂ ಕಡಿಮೆ. ಖುಲಾಸೆಯ ಆಸೆ ಇರುವವನು ತಪ್ಪೇಕೆ ಒಪ್ಪುತ್ತಾನೆ? ಜಾಮೀನು ಸಿಕ್ಕ ಮೇಲಂತೂ ವಿಳಂಬವೇ ಅವನಿಗೆ ಲಾಭ. ರಾಜಿಯಾಗಬಲ್ಲ ಕೇಸುಗಳು ಹೇಗೂ ಲೋಕ ಅದಾಲತ್ತಿಗೆ ಹೋಗುತ್ತವೆ, ಅಲ್ಲಿ ಅಪರಾಧಿ ಎಂಬ ಹೆಸರೂ ಅಂಟುವುದಿಲ್ಲ. ಜೈಲಿನಲ್ಲಿ ಕೊಳೆಯುತ್ತಿರುವ ಬಡ ವಿಚಾರಣಾಧೀನ ಕೈದಿಗೆ ಈ ಕ್ರಮದಿಂದ ನಿಜವಾದ ಉಪಯೋಗವಿದೆ; ಅವನಿಗೆ ಇದರ ಸುದ್ದಿ ತಲುಪುವುದೇ ಅಪರೂಪ.

ಹಾಸನದ ಕಡೆಯ ಓದುಗರಿಗೆ ಒಂದು ವ್ಯಾವಹಾರಿಕ ಮಾತು. ತಪ್ಪೊಪ್ಪಿಗೆ ಎಂದರೆ ಬರೀ ದಂಡದ ರಸೀದಿಯಲ್ಲ, ಶಿಕ್ಷೆಯ ದಾಖಲೆ. ಸರ್ಕಾರಿ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಅದು ಎದುರಾಗುತ್ತದೆ. ಅಪಘಾತದ ಕೇಸಿನಲ್ಲಾದರೆ ಪರಿಹಾರದ ಮೊಕದ್ದಮೆಯಲ್ಲಿ ಎದುರಾಳಿ ಅದನ್ನೇ ಮುಂದಿಡುತ್ತಾನೆ. ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಕೇಳಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ ಇದನ್ನು ನೋಡಿಕೊಳ್ಳುತ್ತವೆ. ಸಹಾಯವಾಣಿಯ ಸಂಖ್ಯೆ 15100.